ಬೋರ್ಡ್ ನೋಡಿ ಹೋಗಬೇಡಿ, ಫೋನ್ ಹಚ್ಚಿ ಕೇಳಿ

ನಮ್ಮ ಕಡೆ ಯಾರಿಗಾದರೂ ಮನಸ್ಸು ಸರಿ ಇಲ್ಲ ಅಂದರೆ ಮೊದಲು ಸಿಗುವ ಸಲಹೆ ‘ಧ್ಯಾನ ಮಾಡು’. ಜಗಳ ಜಾಸ್ತಿಯಾದರೆ ಇನ್ನೊಂದು ಬರುತ್ತದೆ, ‘ಇವನ್ನ ಧಾರವಾಡಕ್ಕ ಒಯ್ರಿ’, ಅಂದರೆ ಅಲ್ಲಿನ ಮಾನಸಿಕ ಆಸ್ಪತ್ರೆಗೆ. ಇವೆರಡರ ನಡುವೆ ಎಂಬಿಸಿಟಿ ಅನ್ನೋ ಚಿಕಿತ್ಸೆಯೊಂದಿದೆ. ಪೂರ್ತಿ ಹೆಸರು ಮೈಂಡ್‌ಫುಲ್‌ನೆಸ್ ಬೇಸ್ಡ್ ಕಾಗ್ನಿಟಿವ್ ಥೆರಪಿ, ಧ್ಯಾನದ ಅಭ್ಯಾಸದ ಜೊತೆ ನಮ್ಮ ಯೋಚನೆಗಳನ್ನು ಗಮನಿಸೋದನ್ನು ಕಲಿಸುವ ಚಿಕಿತ್ಸೆ. ಇದನ್ನು ಹುಡುಕಿಕೊಂಡು ಹೊರಟವರು ತಪ್ಪು ಬಾಗಿಲು ಬಡಿದು, ದುಡ್ಡು ಕೊಟ್ಟು, ಕೊನೆಗೆ ‘ಅದನ್ನೂ ಮಾಡಿ ನೋಡಿದೆ, ನನಗ ಹತ್ತಲಿಲ್ಲ’ ಅಂತ ಕೈಬಿಟ್ಟದ್ದನ್ನು ಮೂರ್ನಾಲ್ಕು ಸಲ ನೋಡಿದ್ದೇನೆ. ಅವರು ಮಾಡಿದ್ದು ಎಂಬಿಸಿಟಿ ಆಗಿರಲೇ ಇಲ್ಲ.

ಮೊದಲು, ಇದು ನಿಮಗೆ ಬೇಕಾದದ್ದು ಹೌದೋ ಅಲ್ಲವೋ ನೋಡಿಕೊಳ್ಳಿ. ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು ಸೇರಿ ಇದನ್ನು ಕಟ್ಟಿದ್ದು ಖಿನ್ನತೆಯಿಂದ ಒಮ್ಮೆ ಎದ್ದವರು ಮತ್ತೆ ಬೀಳದಿರಲಿ ಅಂತ. 2000ರಲ್ಲಿ ಬಂದ ಅವರ ಮೊದಲ ಅಧ್ಯಯನದಲ್ಲಿ 145 ಜನ ಇದ್ದರು. ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದುಹೋದವರಲ್ಲಿ, ಮಾಮೂಲಿ ಚಿಕಿತ್ಸೆಯಲ್ಲೇ ಇದ್ದವರ ಪೈಕಿ ಶೇ 66ರಷ್ಟು ಮಂದಿಗೆ 60 ವಾರಗಳೊಳಗೆ ಅದು ಮರುಕಳಿಸಿತು, ಎಂಬಿಸಿಟಿ ಮಾಡಿದವರಲ್ಲಿ ಶೇ 37ರಷ್ಟು ಮಂದಿಗೆ. ಎರಡೇ ಸಲ ಬಂದವರಲ್ಲಿ ಅಂಥ ಲಾಭ ಕಾಣಲಿಲ್ಲ. ಅಂದರೆ ನೌಕರಿ ಟೆನ್ಶನ್ನಿಗೆ ಸುಮ್ನೆ ಒಂದು ಕೈ ನೋಡೋಣ ಅನ್ನುವವರಿಗೆ ಇಷ್ಟು ದೊಡ್ಡ ಕೋರ್ಸು ಬೇಕಾಗಿಲ್ಲ. ಈಗಲೇ ಊಟ, ನಿದ್ದೆ ಬಿಟ್ಟು ಕೂತವರು, ಬದುಕೇ ಬೇಡ ಅನ್ನಿಸುತ್ತಿರುವವರು ಇಲ್ಲಿಂದ ಶುರು ಮಾಡಬಾರದು. ಅವರು ಮೊದಲು ಡಾಕ್ಟರ ಹತ್ತಿರ ಹೋಗಬೇಕು. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ.

ಎರಡನೆಯದು, ಒಬ್ಬ ಮನೋವೈದ್ಯರನ್ನು ಕಾಣಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಹುಬ್ಬಳ್ಳಿಯಲ್ಲಿ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಆಸ್ಪತ್ರೆ ಇದೆ, ಗದಗ, ಹಾವೇರಿಯವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಗುಳಿಗೆ ನಡೆಯುತ್ತಿದ್ದರೆ ಈ ಕೋರ್ಸಿಗೆ ಸೇರಿದೆ ಅಂತ ನೀವೇ ನಿಲ್ಲಿಸಬೇಡಿ. ಎಂಬಿಸಿಟಿ ಮಾಡಿಸುವ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರಾದರೂ ಗೊತ್ತಾ ಅಂತ ಅವರನ್ನೇ ಕೇಳಿ, ಎರಡು ಹೆಸರು ಬರೆದುಕೊಂಡು ಬನ್ನಿ.

ಮೂರನೆಯದು ಐದು ನಿಮಿಷದ ಕೆಲಸ. ಆ ಹೆಸರುಗಳು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿಯಲ್ಲಿ ಇವೆಯಾ ಅಂತ ಅದರ ವೆಬ್‌ಸೈಟಿನಲ್ಲಿ ನೋಡಿ. ‘ಕೌನ್ಸೆಲರ್’ ಅಂತ ಬೋರ್ಡ್ ಯಾರು ಬೇಕಾದರೂ ಹಾಕಿಕೊಳ್ಳಬಹುದು, ಎರಡು ದಿನದ ಆನ್‌ಲೈನ್ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಗೋಡೆಗೆ ಹೊಡೆದವರನ್ನೂ ನೋಡಿದ್ದೇನೆ.

ಇನ್ನು ಫೋನ್. ಎಲ್ಲರೂ ಎಡವುವುದು ಇಲ್ಲೇ. ನಮ್ಮ ಜನ ಫೋನ್ ಹಚ್ಚಿ ‘ಫೀ ಎಷ್ಟ್ರಿ, ಟೈಮ್ ಯಾವಾಗ್ರಿ’ ಅಂತ ಎರಡೇ ಮಾತು ಕೇಳಿ ಇಟ್ಟುಬಿಡುತ್ತಾರೆ. ಕೇಳಬೇಕಾದದ್ದು ಬೇರೆಯೇ. ಮೊದಲು, ‘ಎಷ್ಟು ವಾರದ್ದ್ರಿ?’ ಉತ್ತರ ಎಂಟು ವಾರ, ವಾರಕ್ಕೊಮ್ಮೆ ಸುಮಾರು ಎರಡು ತಾಸು ಅಂತ ಬರಬೇಕು. ಸಾಮಾನ್ಯವಾಗಿ ಹತ್ತು ಹನ್ನೆರಡು ಜನರ ಗುಂಪು, ನಡುವೆ ಒಂದು ದಿನ ಬಹುತೇಕ ಪೂರ್ತಿ ಮೌನದ ಅಭ್ಯಾಸ. ‘ನಿಮಗ ಎಷ್ಟು ಬೇಕೋ ಅಷ್ಟು, ಒಂದೇ ದಿನದಾಗೂ ಮುಗಸ್ತೀವಿ’ ಅಂದರೆ ನಮಸ್ಕಾರ ಹೇಳಿ ಇಟ್ಟುಬಿಡಿ.

ಆಮೇಲೆ, ಮನೆಯಲ್ಲಿ ಏನು ಮಾಡಬೇಕು ಅಂತ ಕೇಳಿ. ದಿನಾ ಮುಕ್ಕಾಲು ತಾಸಿನ ಅಭ್ಯಾಸ ಅಂದರೆ ಸರಿಯಾದವರ ಹತ್ತಿರವೇ ಇದ್ದೀರಿ. ಬಾಡಿ ಸ್ಕ್ಯಾನ್‌ಗೆ, ಅಂದರೆ ಮಲಗಿಕೊಂಡು ಮೈಯ ಒಂದೊಂದೇ ಭಾಗಕ್ಕೆ ಗಮನ ಕೊಡುವ ಅಭ್ಯಾಸಕ್ಕೆ, ಕೊಡುವ ಆಡಿಯೊ ಕನ್ನಡದಲ್ಲಿದೆಯಾ ಅಂತಲೂ ಕೇಳಿ. ಸಣ್ಣ ವಿಷಯ ಅನ್ನಿಸುತ್ತೆ ಅಲ್ವಾ? ನನಗೆ ಮೊದಲು ಸಿಕ್ಕಿದ್ದು ಇಂಗ್ಲಿಷ್ ಆಡಿಯೊ. ಚಾಪೆ ಮೇಲೆ ಅಂಗಾತ ಮಲಗಿ, ಎಡಗಾಲಿನ ಹೆಬ್ಬೆರಳಿನಿಂದ ಶುರು ಮಾಡಿ, ‘ಶಿನ್’ ಅಂದರೆ ಮೊಣಕಾಲಿನ ಕೆಳಗೋ ಮೇಲೋ ಅಂತ ನಾನು ಯೋಚನೆ ಮಾಡುವಷ್ಟರಲ್ಲಿ ಆ ಹೆಣ್ಣುದನಿ ಸೊಂಟ ದಾಟಿರುತ್ತಿತ್ತು. ಗಮನ ಮೈ ಮೇಲಲ್ಲ, ಅನುವಾದದ ಮೇಲೆ! ಕನ್ನಡದಲ್ಲಿ ಇಲ್ಲದಿದ್ದರೆ ಅವರ ದನಿಯಲ್ಲೇ ಒಂದು ರೆಕಾರ್ಡ್ ಮಾಡಿಕೊಡಿ ಅಂತ ಹಟ ಹಿಡಿಯಿರಿ.

ಮೂರನೆಯ ಪ್ರಶ್ನೆ ಕೇಳೋಕೆ ಸಂಕೋಚ ಆಗುತ್ತೆ, ಆದರೂ ಬಿಡಬೇಡಿ. ‘ನೀವು ಸ್ವತಃ ದಿನಾ ಧ್ಯಾನಕ್ಕ ಕೂಡ್ತೀರೇನ್ರಿ, ಇದನ್ನ ಎಲ್ಲಿ ಕಲಿತ್ರಿ?’ ಚೆನ್ನಾಗಿ ಮಾಡಿಸುವವರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ‘ನಾನ್ಯಾಕ್ರಿ, ಪೇಶಂಟ್ ನೀವಲ್ಲೇನ್ರಿ’ ಅಂದವರೊಬ್ಬರಿದ್ದರು, ನಾನು ಹೋಗಲಿಲ್ಲ.

ಕೊನೆಯದು ‘ಕೆಟ್ಟ ಯೋಚನಿ ಬಂದ್ರ ಏನ್ ಮಾಡಸ್ತೀರಿ?’ ಓಡಿಸುತ್ತೇವೆ, ಪಾಸಿಟಿವ್ ಮಾಡುತ್ತೇವೆ, ಮನಸ್ಸು ಖಾಲಿ ಮಾಡುತ್ತೇವೆ ಅಂದರೆ ಅದು ಬೇರೆ ಏನೋ. ‘ನಾನು ಯಾತಕ್ಕೂ ಬಾರದವ’ ಅನ್ನೋದು ತಲೆಯಲ್ಲಿ ಎದ್ದ ಒಂದು ಯೋಚನೆ ಅಷ್ಟೇ, ಖರೇ ಅಂತ ನಂಬಬೇಕಿಲ್ಲ, ಹೊಡೆದೋಡಿಸಲೂ ಬೇಕಿಲ್ಲ, ಬಂದದ್ದನ್ನು ಬಂತು ಅಂತ ನೋಡೋದು. ಎಂಬಿಸಿಟಿ ಕಲಿಸೋದು ಇದನ್ನೇ.

ಆ್ಯಪ್ ಸಾಕಲ್ವಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಗಂಟೆ ಬಾರಿಸಿ ‘21 ದಿನ ಪೂರ್ತಿ’ ಅಂತ ಬಿಲ್ಲೆ ಕೊಡುವ ಆ್ಯಪ್‌ಗೆ ನೀವು ನಾಲ್ಕು ದಿನ ಹಾಸಿಗೆ ಬಿಟ್ಟು ಎದ್ದಿಲ್ಲ ಅನ್ನೋದು ಗೊತ್ತಾಗಲ್ಲ.

ಮೊದಲ ತರಗತಿಯಲ್ಲಿ ಅಂಗೈ ಮೇಲೆ ಒಂದು ಒಣದ್ರಾಕ್ಷಿ ಇಡುತ್ತಾರೆ. ನೋಡಿ, ಹೊರಳಿಸಿ, ಮೂಸಿ, ಕಿವಿ ಹತ್ತಿರ ಹಿಡಿದು, ಆಮೇಲೆ ನಾಲಿಗೆ ಮೇಲಿಟ್ಟು ನಿಧಾನ ಅಗಿಯಿರಿ ಅನ್ನುತ್ತಾರೆ. ಪಂಚಾಮೃತದಲ್ಲಿ ಹಿಡಿಗಟ್ಟಲೆ ತಿಂದವರಿಗೆ ನಗು ಬರುತ್ತದೆ, ಬರಲಿ. ಅದು ಮುಗಿದ ಮೇಲೆ ಏನಾಗುತ್ತದೆ ನೋಡಿ. ‘ಏನು ಗಮನಿಸಿದಿರಿ?’ ಅಂತ ಒಬ್ಬೊಬ್ಬರನ್ನೂ ಕೇಳಿ, ‘ಏನೂ ಅನ್ನಸ್ಲಿಲ್ರಿ’ ಅಂದವರ ಮಾತನ್ನೂ ಕೂತು ಕೇಳಿದರೆ ಉಳಿದ ಏಳು ವಾರದ ಫೀ ಕೊಡಬಹುದು. ದ್ರಾಕ್ಷಿ ತಿನ್ನಿಸಿ ಅರ್ಧ ತಾಸು ಭಾಷಣ ಶುರು ಮಾಡಿದರೆ ಎರಡನೆಯ ವಾರ ಹೋಗಬೇಡಿ.

ನಮ್ಮ ಊರುಗಳಲ್ಲಿ ಗುಂಪು ತುಂಬೋಕೆ ತಡವಾಗುತ್ತದೆ. ಆಗ ಒಬ್ಬರಿಗೇ ಮಾಡಿಸುತ್ತೀರಾ, ಇಲ್ಲಾ ಬೆಂಗಳೂರಿನವರ ವಿಡಿಯೊ ಗುಂಪು ಇದೆಯಾ ಅಂತ ಕೇಳಿ. ನನ್ನನ್ನು ಕೇಳಿದರೆ ಎದುರಿಗೆ ಕೂತು ಮಾಡೋದೇ ಚಲೋ. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹಿಡಿದು ಧಾರವಾಡಕ್ಕೆ ಹೋದರೂ ಸರಿ. ವಿಡಿಯೊ ಆದರೆ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಿ, ಇಲ್ಲದಿದ್ದರೆ ಮೂರನೆಯ ಉಸಿರಿಗೆ ಯಾರಾದರೂ ಬಂದು ‘ಚಾ ಇಡ್ಲೇನು’ ಅಂತ ಕೇಳುತ್ತಾರೆ.