ಲೆಗ್ ಪೀಸ್ ಓವನ್ನಿಗೆ ಹೋಗುವ ಮೊದಲು ಒಣಗಬೇಕು

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಗೆ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, ಬಂದದ್ದು ಕೇಕ್ ಮಾಡಲಿಕ್ಕೆ. 30 ಲೀಟರಿನದು, 1500 ವ್ಯಾಟ್, ಮೇಲೆ ಎರಡು ರಾಡು, ಕೆಳಗೆ ಎರಡು. ಬಂದ ಮೊದಲ ಭಾನುವಾರವೇ ನಾನು ಅದರಲ್ಲಿ ನಾಲ್ಕು ಫುಲ್ ಲೆಗ್ ಇಟ್ಟೆ. ತೊಡೆ ಮತ್ತು ಕೆಳಗಿನ ಕಾಲು ಕೂಡಿಯೇ ಇರುವ ತುಂಡಿಗೆ ನಮ್ಮ ಕಡೆ ಅಂಗಡಿಗಳಲ್ಲಿ ಹಾಗೇ ಹೇಳುತ್ತಾರೆ. ಮೊಸರು, ಶುಂಠಿ, ಬಳ್ಳೊಳ್ಳಿ, ಗರಂ ಮಸಾಲೆ, ಖಾರದ ಪುಡಿ ಎಲ್ಲ ಕಲಸಿ ರಾತ್ರಿಯಿಡೀ ನೆನೆಸಿದ್ದೆ. 45 ನಿಮಿಷ ಆದ ಮೇಲೆ ಬಾಗಿಲು ತೆಗೆದರೆ ಟ್ರೇ ತುಂಬ ನೀರು. ಅದರಲ್ಲಿ ಒಡೆದ ಮೊಸರು ಕಾಳು ಕಾಳಾಗಿ ತೇಲುತ್ತಿತ್ತು. ಕಾಲು ಬೆಂದಿದ್ದವು, ಆದರೆ ಕುದಿಸಿದ ಹಾಗೆ. ಮೇಲೆ ಅಲ್ಲಲ್ಲಿ ಖಾರ ಸೀದು ಕಪ್ಪು ಚುಕ್ಕಿ. ಅವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಇದನ್ನ ಬೋಗಾಣ್ಯಾಗ ಬೇಯಿಸಿದ್ರ ಸಾರರ ಸಿಗ್ತಿತ್ತು" ಅಂದಳು.

ಅವಳು ಹೇಳಿದ್ದು ಸರಿಯೇ ಇತ್ತು. ಓವನ್ನಿನೊಳಗೆ ಇಟ್ಟೆ ಅಂದ ಮಾತ್ರಕ್ಕೆ ರೋಸ್ಟ್ ಆಗುವುದಿಲ್ಲ.

ಎಲ್ಲಿ ತಪ್ಪಿತು ಅಂತ ಹುಡುಕುತ್ತಾ ಮುಂದಿನ ನಾಲ್ಕೈದು ಭಾನುವಾರ ಕಳೆದೆ. ಕೊನೆಗೆ ತಿಳಿದದ್ದು ಇಷ್ಟು: ಕೆಡಿಸಿದ್ದು ನೀರು. ಮಾಂಸದ ಮೇಲೆ ಪಸೆ ಇರುವವರೆಗೆ ಒಳಗಿನ ಕಾವೆಲ್ಲ ಅದನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಒದ್ದೆ ಜಾಗ 100 ಡಿಗ್ರಿ ದಾಟುವುದಿಲ್ಲ. ಹುರಿದ ಬಣ್ಣ, ಆ ಘಮ ಬರಬೇಕಾದರೆ ಮೇಲ್ಮೈ ಸುಮಾರು 140 ಡಿಗ್ರಿ ಮುಟ್ಟಬೇಕು. ಮೊಸರಿನಲ್ಲಿ ಬಹುಪಾಲು ನೀರೇ ಅಲ್ವಾ? ತಂದೂರಿನಲ್ಲಿ ಅದು ನಡೆಯುತ್ತದೆ, ಅಲ್ಲಿನ ಉರಿ ಅಂಥದು. ನನ್ನ ಓಟಿಜಿಯ ಗುಂಡಿ 250ಕ್ಕೆ ಮುಗಿಯುತ್ತದೆ. ಹೋಟೆಲಿನ ತಂದೂರಿ ಚಿಕನ್ ಮನೆಯಲ್ಲಿ ಮಾಡುತ್ತೇನೆ ಅನ್ನುವ ಹಟ ಬಿಟ್ಟೆ. ಮೊಸರನ್ನೂ ಬಿಟ್ಟೆ.

ಆಮೇಲೆ ಚರ್ಮ. ಇದನ್ನು ಒತ್ತಿ ಹೇಳುತ್ತೇನೆ, ಚರ್ಮ ಬೇಕೇ ಬೇಕು. ಕೋಳಿಯ ಕೊಬ್ಬು ಹೆಚ್ಚಾಗಿ ಇರುವುದು ಚರ್ಮದಲ್ಲಿ ಮತ್ತು ಅದರ ಕೆಳಗೆ. ಕಾವಿಗೆ ಅದು ಕರಗಿ ಇಳಿದು ಮಾಂಸವನ್ನು ಒಣಗಲು ಬಿಡುವುದಿಲ್ಲ. ನಮ್ಮಲ್ಲಿ ಬಹಳಷ್ಟು ಚಿಕನ್ ಅಂಗಡಿಗಳಲ್ಲಿ ಪುಕ್ಕದ ಸಮೇತ ಚರ್ಮ ಎಳೆದುಬಿಡುತ್ತಾರೆ. ಅದು ಬೇಗ ಆಗುವ ಕೆಲಸ. ಚರ್ಮ ಉಳಿಯಬೇಕಾದರೆ ಬಿಸಿನೀರಿನಲ್ಲಿ ಅದ್ದಿ, ಪುಕ್ಕ ತೆಗೆಯುವ ಮಷೀನು ಇರುವ ಅಂಗಡಿಗೇ ಹೋಗಬೇಕು. ನಾನು ಕೇಶ್ವಾಪುರದ ಕಡೆ ಹೋಗುತ್ತೇನೆ. ಮೊದಲ ಸಲ ನಡೆದ ಮಾತು ನೆನಪಿದೆ.

"ಅಣ್ಣಾರ, ಸ್ಕಿನ್ ತಗೀಬ್ಯಾಡ್ರಿ. ಫುಲ್ ಲೆಗ್ ನಾಲ್ಕು ಕೊಡ್ರಿ. ಗೀರೂ ಹಾಕಬ್ಯಾಡ್ರಿ."

"ಸ್ಕಿನ್ ಇಟ್ಕೊಂಡು ಏನ್ ಮಾಡ್ತೀರಿ? ಎಲ್ಲಾರೂ ತಗಸ್ತಾರ."

"ಓವನ್ನ್ಯಾಗ ಇಡ್ತೀನ್ರಿ."

"ಹಂಗಾರ ಹತ್ತು ನಿಮಿಷ ಕುಂದರ್ರಿ, ಮಷೀನಿಗೆ ಹಾಕಸ್ತೀನಿ."

ಈಗ ನನ್ನನ್ನು ನೋಡಿದ ಕೂಡಲೇ ಅವರೇ ಮಷೀನು ಚಾಲೂ ಮಾಡುತ್ತಾರೆ. ಗೀರು ಬೇಡ ಅಂದದ್ದಕ್ಕೆ ಕಾರಣವಿದೆ. ಗೀರು ಬಿದ್ದ ಕಡೆಯಿಂದಲೇ ರಸ ಹೊರಗೆ ಸೋರುತ್ತದೆ. ಚರ್ಮ ತಿನ್ನುವುದು ಹೊಸದೇನೂ ಅಲ್ಲ. ಹಳ್ಳಿಯಲ್ಲಿ ಜವಾರಿ ಕೋಳಿ ಕೊಯ್ದಾಗ ಪುಕ್ಕ ಕಿತ್ತು, ಬೆಂಕಿ ಮೇಲೆ ಹಿಡಿದು, ಅರಿಷಿಣ ಹಚ್ಚಿ ಚರ್ಮದ ಸಮೇತವೇ ಮಾಡುತ್ತಿದ್ದರು. ನಮ್ಮ ಅಜ್ಜಿಯ ಕೈಯ ಸಾರಿನ ರುಚಿ ಅರ್ಧ ಆ ಚರ್ಮದಲ್ಲೇ ಇತ್ತು.

ಮನೆಗೆ ತಂದ ಮೇಲೆ ತೊಳೆಯಬೇಕೋ ಬೇಡವೋ ಅಂತ ನನಗೂ ಅವ್ವನಿಗೂ ಜಗಳ ಆದದ್ದುಂಟು. ತೊಳೆದರೆ ಹನಿ ಸಿಡಿದು ಹಸಿ ಮಾಂಸದ ಮೇಲಿನ ಸೂಕ್ಷ್ಮಜೀವಿಗಳು ಸಿಂಕಿಗೆ, ಪಕ್ಕದ ಪಾತ್ರೆಗಳಿಗೆ ಹರಡುತ್ತವೆ. ಅವು ಸಾಯುವುದು ಬಿಸಿಗೆ, ನೀರಿಗಲ್ಲ. ಅವಳಿಗೆ ಮಾತ್ರ ತೊಳೆಯದ ಮಾಂಸ ಅಡಿಗೆಮನೆಯಲ್ಲಿ ಇರುವುದೇ ಸಮಾಧಾನ ಇಲ್ಲ. ಈಗ ಸಿಂಕು ಖಾಲಿ ಮಾಡಿ, ನಲ್ಲಿ ಜೋರಾಗಿ ಬಿಡದೆ, ಬೋಗಾಣಿಯಲ್ಲೇ ಒಂದು ಸಲ ಅದ್ದಿ ತೆಗೆದು, ಸಿಂಕನ್ನು ಸಾಬೂನು ಹಾಕಿ ತಿಕ್ಕುತ್ತೇವೆ. ತೊಳೆದರೆ ಒರೆಸುವ ಕೆಲಸ ಜಾಸ್ತಿ, ಅಷ್ಟೇ. ಟಿಶ್ಯೂ ಪೇಪರಿನಿಂದ ಸಂದಿಗೊಂದಿ ಬಿಡದೆ ಒತ್ತಿ ಒತ್ತಿ ಒರೆಸುತ್ತೇನೆ. ತೊಡೆ ಮತ್ತು ಕಾಲು ಸೇರುವ ಮಡಿಕೆಯಲ್ಲಿ ನೀರು ನಿಂತಿರುತ್ತದೆ, ಅಲ್ಲಿ ಎರಡು ಸಲ.

ಇನ್ನು ಉಪ್ಪು. ನಾಲ್ಕು ಫುಲ್ ಲೆಗ್ ಸೇರಿ ಸುಮಾರು ಒಂದು ಕಿಲೋ ಆಗುತ್ತದೆ. ಅದಕ್ಕೆ ಎರಡು ಟೀ ಚಮಚ ಪುಡಿ ಉಪ್ಪು, ಮಟ್ಟಸವಾಗಿ. ಸುಮಾರು 12 ಗ್ರಾಂ. ಎರಡೂ ಬದಿಗೆ, ಚರ್ಮವನ್ನು ಬೆರಳಿನಿಂದ ಸ್ವಲ್ಪ ಎಬ್ಬಿಸಿ ಅದರ ಕೆಳಗೂ ಹಚ್ಚುತ್ತೇನೆ. ಆಮೇಲೆ ಸ್ಟೀಲಿನ ಜಾಳಿಗೆಯ ಮೇಲೆ, ಕೆಳಗೆ ತಾಟು ಇಟ್ಟು, ಏನೂ ಮುಚ್ಚದೆ ರಾತ್ರಿಯಿಡೀ ಫ್ರಿಜ್ಜಿನಲ್ಲಿ. ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿ, ಹಸಿ ಮಾಂಸದ ಹನಿ ಬೇರೆ ತಿಂಡಿಯ ಮೇಲೆ ಬೀಳಬಾರದು.

ಒಂದು ಸಲ ಅರ್ಧ ಗಂಟೆಗೊಮ್ಮೆ ಎದ್ದು ನೋಡಿದೆ. ಮೊದಲು ಚರ್ಮದ ಮೇಲೆ ಬೆವರಿನ ಹಾಗೆ ಸಣ್ಣ ಹನಿ ಮೂಡುತ್ತವೆ. ಉಪ್ಪು ಒಳಗಿನ ನೀರನ್ನು ಎಳೆದದ್ದು ಅದು. ನೋಡಿದರೆ ರಸವೆಲ್ಲ ಹೋಯಿತು ಅನ್ನಿಸುತ್ತದೆ. ಆದರೆ ಆ ನೀರಿನಲ್ಲಿ ಉಪ್ಪು ಕರಗಿ, ಎರಡು ಮೂರು ತಾಸಿನಲ್ಲಿ ಹೆಚ್ಚಿನದೆಲ್ಲ ಮರಳಿ ಒಳಗೆ ಹೋಗುತ್ತದೆ. ಮುಂಜಾನೆ ಫ್ರಿಜ್ಜು ತೆಗೆದಾಗ ಚರ್ಮ ಎಣ್ಣೆ ಸವರಿದ ಕಾಗದದ ಹಾಗೆ ಬಿಗಿದುಕೊಂಡು, ಒಳಗಿನ ಮಾಂಸದ ಬಣ್ಣ ಹಣಿಕಿ ಕಾಣುತ್ತಿತ್ತು. ಬೆರಳು ಸವರಿದರೆ ಒಂದಿಷ್ಟೂ ಅಂಟಲಿಲ್ಲ. ಅದನ್ನು ಮುಟ್ಟಿದಾಗಲೇ ಈ ಸಲ ಆಗುತ್ತೆ ಅನ್ನುವ ಧೈರ್ಯ ಬಂತು. ರಾತ್ರಿ ಪುರಸೊತ್ತು ಇಲ್ಲದಿದ್ದರೆ ಮುಂಜಾನೆ ಉಪ್ಪು ಹಚ್ಚಿ ಮಧ್ಯಾಹ್ನಕ್ಕೆ ಇಟ್ಟರೂ ನಡೆದೀತು. ಉಪ್ಪು ಹಚ್ಚಿ ಬರೀ ಅರ್ಧ ಗಂಟೆ ಬಿಡುವುದು ಮಾತ್ರ ಕೆಟ್ಟದ್ದು. ಆಗ ನೀರು ಹೊರಗೆ ಬಂದಿರುತ್ತದೆ, ಒಳಗೆ ಹೋಗಿರುವುದಿಲ್ಲ.

ಓವನ್ನಿನ ಪ್ಲಗ್ಗಿನ ಬಗ್ಗೆ ಒಂದು ಮಾತು. ಮೊದಲು ನಾನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುತ್ತಿದ್ದೆ. ಮೂರನೆಯ ಸಲಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಪಿನ್ನಿನ ಸುತ್ತ ಕಂದು ಬಣ್ಣಕ್ಕೆ ತಿರುಗಿತ್ತು. 1500 ವ್ಯಾಟ್ ಅಂದರೆ ಆರೂವರೆ ಆಂಪಿಯರ್ ಎಳೆಯುತ್ತದೆ. ಸಣ್ಣ ಸಾಕೆಟ್ಟು ಇರುವುದೇ 6 ಆಂಪಿಯರಿಗೆ. ಎಲೆಕ್ಟ್ರಿಷಿಯನ್ ಕರೆಸಿ ಅಡಿಗೆಮನೆಯಲ್ಲಿ 16 ಆಂಪಿಯರಿನ ಪವರ್ ಪಾಯಿಂಟು ಹಾಕಿಸಿದೆ. ದಯವಿಟ್ಟು ಇದನ್ನು ಮೊದಲು ಮಾಡಿಸಿಕೊಳ್ಳಿ.

ಗುಂಡಿಯ ಮೇಲಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಓವನ್ನಿನೊಳಗೆ ಇಡುವ ಸಣ್ಣ ಥರ್ಮಾಮೀಟರ್ ತಂದು ನೋಡಿದೆ. ನನ್ನದರಲ್ಲಿ 200ಕ್ಕೆ ಇಟ್ಟರೆ ಒಳಗೆ 175ರ ಸುತ್ತ ನಿಲ್ಲುತ್ತಿತ್ತು. ಹಾಗಾಗಿ ಗುಂಡಿಯನ್ನು 225ಕ್ಕೆ ತಿರುಗಿಸುತ್ತೇನೆ. ಎರಡೂ ಕಡೆಯ ರಾಡು ಚಾಲೂ, ಫ್ಯಾನ್ ಇದ್ದರೆ ಅದೂ. 15 ನಿಮಿಷ ಖಾಲಿ ಕಾಯಬೇಕು. ಕಾಲುಗಳು ಮಧ್ಯದ ಖಾನೆಯಲ್ಲಿ ಜಾಳಿಗೆಯ ಮೇಲೆ, ಚರ್ಮ ಮೇಲೆ ಮಾಡಿ, ಒಂದಕ್ಕೊಂದು ತಾಗದ ಹಾಗೆ. ತಾಗಿದರೆ ನಡುವೆ ಉಗಿ ನಿಂತು ಅಲ್ಲಿ ಬಿಳಿ ಉಳಿಯುತ್ತದೆ. ಕೆಳಗಿನ ಟ್ರೇಯಲ್ಲಿ ದಪ್ಪ ಹೋಳು ಮಾಡಿದ ಆಲೂಗಡ್ಡೆ, ಉಳ್ಳಾಗಡ್ಡಿ. ಮೇಲಿನ ಕೊಬ್ಬೆಲ್ಲ ಅದರ ಮೇಲೆ ಬೀಳುತ್ತದೆ.

ಖಾರ ಯಾವಾಗ ಅನ್ನುವುದಕ್ಕೆ ನನಗೆ ಬಹಳ ದಿನ ಹಿಡಿಯಿತು. ಅವ್ವನ ತವರು ಬ್ಯಾಡಗಿ ಹತ್ತಿರ. ಮನೆಯಲ್ಲಿ ವರ್ಷದ ಖಾರದ ಪುಡಿ ಅಲ್ಲಿಯ ಮೆಣಸಿನಕಾಯಿಯದೇ. ಸುಕ್ಕು ಸುಕ್ಕಾದ ಆ ಕಾಯಿಗೆ ಬಣ್ಣ ಜಾಸ್ತಿ, ಉರಿ ಕಮ್ಮಿ. 2011ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ಕಡ್ಡಿ, ಡಬ್ಬಿ ಅಂತ ಎರಡು ಬಗೆ. ನಾವು ಡಬ್ಬಿ ತರುತ್ತೇವೆ, ಗುಂಡಗೆ ದಪ್ಪಗೆ ಇರುವಂಥದು. ಅದರ ಕೆಂಪು ಬಿಡುವುದು ಎಣ್ಣೆಯಲ್ಲಿ, ನೀರಿನಲ್ಲಿ ಅಲ್ಲ. ಆದರೆ ಪುಡಿ ಬಹಳ ಬೇಗ ಸೀಯುತ್ತದೆ, ಸೀದರೆ ಕಹಿ. ಮೊದಲೇ ಹಚ್ಚಿ 45 ನಿಮಿಷ ಇಟ್ಟದ್ದಕ್ಕೇ ಆ ಕಪ್ಪು ಚುಕ್ಕಿ ಆದದ್ದು.

ಈಗ ಮೊದಲ 30 ನಿಮಿಷ ಮೇಲೆ ಬರೀ ಶೇಂಗಾ ಎಣ್ಣೆ ಮತ್ತು ಕರಿಮೆಣಸು. ಅಷ್ಟರೊಳಗೆ ಚರ್ಮ ಬಂಗಾರದ ಬಣ್ಣಕ್ಕೆ ಬಂದಿರುತ್ತದೆ. ಅತ್ತ ಎರಡು ಚಮಚ ಶೇಂಗಾ ಎಣ್ಣೆ ಉಗುರು ಬೆಚ್ಚಗೆ ಮಾಡಿ, ಒಂದು ಚಮಚ ಬ್ಯಾಡಗಿ ಖಾರ, ಜಜ್ಜಿದ ನಾಲ್ಕು ಎಸಳು ಬಳ್ಳೊಳ್ಳಿ, ಚಿಟಿಕೆ ಜೀರಿಗೆ ಪುಡಿ ಕಲಸಿ ಇಟ್ಟಿರುತ್ತೇನೆ. ಎಣ್ಣೆ ಕೆಂಪಗೆ ತಿರುಗಿದ ಮೇಲೆ ಅದನ್ನು ಬ್ರಷ್ಷಿನಿಂದ ಕಾಲುಗಳಿಗೆ ತೆಳ್ಳಗೆ ಸವರಿ, ಜಾಳಿಗೆಯನ್ನು ಹಿಂದುಮುಂದು ತಿರುಗಿಸಿ, ಮತ್ತೆ 10ರಿಂದ 12 ನಿಮಿಷ. ಹಿಂಭಾಗದಲ್ಲಿ ಕಾವು ಜಾಸ್ತಿ ಇರುವುದಕ್ಕೆ ತಿರುಗಿಸಬೇಕು. ಕೊನೆಯ ಐದು ನಿಮಿಷದಲ್ಲಿ ಚರ್ಮ ಚಿಟಿ ಚಿಟಿ ಅನ್ನುತ್ತ ಗುಳ್ಳೆ ಏಳುತ್ತದೆ. ಆ ಹೊತ್ತಿನಲ್ಲಿ ನಾನು ಓವನ್ ಮುಂದಿನಿಂದ ಏಳುವುದಿಲ್ಲ.

ಬೆಂದಿದೆಯೋ ಇಲ್ಲವೋ ನೋಡಲು ಚುಚ್ಚುವ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಎಲುಬಿಗೆ ತಾಗದ ಹಾಗೆ ತೊಡೆಯ ದಪ್ಪ ಜಾಗಕ್ಕೆ ಚುಚ್ಚಬೇಕು. 74 ಡಿಗ್ರಿ ಬಂದರೆ ತಿನ್ನಲು ಅಪಾಯ ಇಲ್ಲ. ನಾನು ಮಾತ್ರ 82ರಿಂದ 85ರವರೆಗೆ ಬಿಡುತ್ತೇನೆ. ಕಾಲಿನ ಮಾಂಸ ದುಡಿದ ಮಾಂಸ, ನಾರು ಜಾಸ್ತಿ. 74ಕ್ಕೇ ತೆಗೆದರೆ ಕೀಲಿನ ಹತ್ತಿರ ರಬ್ಬರಿನ ಹಾಗೆ ಎಳೆಯುತ್ತದೆ. ಇನ್ನೂ ಹತ್ತು ಡಿಗ್ರಿ ಕೊಟ್ಟರೆ ಆ ನಾರು ಕರಗಿ ಮೆತ್ತಗಾಗುತ್ತದೆ. ಎದೆಯ ತುಂಡಾಗಿದ್ದರೆ ಅಷ್ಟರಲ್ಲಿ ಹತ್ತಿಯ ಹಾಗೆ ಒಣಗಿರುತ್ತಿತ್ತು. ಓವನ್ನಿಗೆ ಕಾಲೇ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇದೇ. ಎಲುಬಿನ ಹತ್ತಿರ ಸ್ವಲ್ಪ ಕೆಂಪು ಕಂಡರೆ ಗಾಬರಿ ಬೇಡ. ಬ್ರಾಯ್ಲರ್ ಕೋಳಿ ಎಳೆಯದು, ಎಲುಬಿನ ಮಜ್ಜೆಯ ಬಣ್ಣ ಹೊರಗೆ ಇಳಿಯುತ್ತದೆ. ಬಣ್ಣ ನೋಡಬೇಡಿ, ಡಿಗ್ರಿ ನೋಡಿ. ಅವ್ವನ ಪರೀಕ್ಷೆ ಬೇರೆ. ಕಾಲಿನ ತುದಿ ಹಿಡಿದು ತಿರುವುತ್ತಾಳೆ. ಕೀಲು ಸಲೀಸಾಗಿ ತಿರುಗಿದರೆ, "ಆತು, ತಗೀ" ಅಂತಾಳೆ. ಥರ್ಮಾಮೀಟರ್ ಇಟ್ಟು ನೋಡಿದ್ದೇನೆ, ಅವಳು ಹೇಳುವ ಹೊತ್ತಿಗೆ 83, 84 ಇರುತ್ತದೆ.

ಕಳೆದ ಮಳೆಗಾಲದಲ್ಲಿ ಒಮ್ಮೆ, ಅಣ್ಣ ವೈನಿ ಊಟಕ್ಕೆ ಬಂದ ದಿನ, ಇಟ್ಟು 25 ನಿಮಿಷಕ್ಕೆ ಕರೆಂಟು ಹೋಯಿತು. ಹತ್ತು ನಿಮಿಷ ಬಾಗಿಲು ತೆಗೆಯದೆ ಕಾದೆ. ಬರಲಿಲ್ಲ. ಅರೆಬೆಂದ ಕೋಳಿಯನ್ನು ಹಾಗೇ ಇಟ್ಟಿರಬಾರದು. ರೊಟ್ಟಿಯ ಕಬ್ಬಿಣದ ಹಂಚು ಗ್ಯಾಸಿನ ಮೇಲೆ ಇಟ್ಟು, ಮಧ್ಯಮ ಉರಿಯಲ್ಲಿ, ಮೊದಲು ಚರ್ಮ ಮೇಲೆ ಮಾಡಿ ಮುಚ್ಚಿ ಬೇಯಿಸಿದೆ. ಕೊನೆಗೆ ಮುಚ್ಚಳ ತೆಗೆದು ಚರ್ಮದ ಬದಿ ಹಂಚಿಗೆ ಒತ್ತಿದೆ. ಒಣಗಿದ ಚರ್ಮ ಆದ್ದರಿಂದ ಅಲ್ಲೂ ಗರಿಗರಿ ಬಂತು. ವೈನಿಗೆ ಅದೇ ಜಾಸ್ತಿ ಹಿಡಿಸಿತು.

ಜವಾರಿ ಕೋಳಿಯನ್ನು ಹೀಗೆ ಮಾಡಲು ಹೋಗಬೇಡಿ. ನಾನು ಆಸೆಯಿಂದ ಮಾಡಿ ನೋಡಿದ್ದೇನೆ. ಓಡಾಡಿ ಬೆಳೆದ ಕೋಳಿ, ವಯಸ್ಸೂ ಜಾಸ್ತಿ. ಒಣ ಕಾವಿಗೆ ಮತ್ತಷ್ಟು ಗಟ್ಟಿಯಾಯಿತು. ಅದಕ್ಕೆ ಸಾರೇ ಸರಿ.

ತೆಗೆದ ಮೇಲೆ ಹತ್ತು ನಿಮಿಷ ಸುಮ್ನೆ ಬಿಡಬೇಕು, ಮುಚ್ಚದೆ. ಮುಚ್ಚಿದರೆ ಉಗಿಗೆ ಚರ್ಮ ಮೆತ್ತಗಾಗಿ ರಾತ್ರಿಯ ಕೆಲಸವೆಲ್ಲ ಹೋಗುತ್ತದೆ. ಲಿಂಬಿಹಣ್ಣು ತಾಟಿಗೆ ಬಂದ ಮೇಲೆಯೇ ಹಿಂಡಬೇಕು. ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಮೂಲಂಗಿ ಪಕ್ಕಕ್ಕೆ. ಆ ಹತ್ತು ನಿಮಿಷದಲ್ಲಿ ಅವ್ವ ಟ್ರೇ ಎಳೆದುಕೊಂಡು ಕೂಡುತ್ತಾಳೆ. ತಳದಲ್ಲಿ ಕೆಂಪಗೆ ನಿಂತ ಕೊಬ್ಬಿನಲ್ಲಿ ಆಲೂಗಡ್ಡೆ ಹೊರಳಿಸಿ, ಬಿಸಿ ರೊಟ್ಟಿಯ ತುಂಡಿನಿಂದ ಟ್ರೇಯ ಮೂಲೆ ಒರೆಸಿ ತಿನ್ನುತ್ತಾಳೆ. ನನಗೂ ಒಂದು ಮೂಲೆ ಬಿಟ್ಟಿರುತ್ತಾಳೆ.