ಪಹಣಿ ಇಳಿಸಿದ್ದು ಎಲ್ಲಿ ಹೋಯಿತು?

ಆಚೆಮನೆ ಮಾವ ಶಿರಸಿ ಪೇಟೆಯಿಂದ ಲ್ಯಾಪ್‌ಟಾಪ್ ತಂದು ಎಂಟು ದಿನ ಆಗಿರಲಿಲ್ಲ, ರಾತ್ರಿ ಊಟದ ಹೊತ್ತಿಗೆ ಫೋನು. "ತಮಾ, ಪಹಣಿ ಇಳಿಸಿದ್ದಿ, ಈಗ ಎಲ್ಲೂ ಕಾಣ್ತಿಲ್ಲೆ." ಹೋಗಿ ನೋಡಿದರೆ ಅದೇ ಪಹಣಿ ಏಳು ಸಲ ಇಳಿದು, ಹೆಸರಿನ ಹಿಂದೆ ಒಂದು, ಎರಡು, ಮೂರು ಅಂತ ನಂಬರ್ ಹಚ್ಚಿಕೊಂಡು ಸಾಲಾಗಿ ಕೂತಿತ್ತು.

ಮೊದಲು ಜಾಗ ತಿಳಿದುಕೊಳ್ಳಿ. ನೀವು ಬೇರೆ ಕಡೆ ಅಂತ ಹೇಳದಿದ್ದರೆ ಇಳಿಸಿದ್ದೆಲ್ಲ ಡೌನ್‌ಲೋಡ್ಸ್ ಫೋಲ್ಡರಿಗೇ ಬೀಳುತ್ತದೆ. ಕ್ರೋಮ್ ಅಥವಾ ಎಡ್ಜ್ ತೆರೆದಿದ್ದಾಗ ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿ, ಇಳಿಸಿದ್ದರ ಪಟ್ಟಿ ಬರುತ್ತದೆ. ಬ್ರೌಸರ್ ಮುಚ್ಚಿದ್ದರೆ ವಿಂಡೋಸ್ ಕೀ ಜೊತೆ ಇ ಒತ್ತಿ, ಎಡಗಡೆ ಡೌನ್‌ಲೋಡ್ಸ್ ಕಾಣುತ್ತದೆ. ಅಷ್ಟೇ.

ಈಗ ಮುಖ್ಯ ಕೆಲಸ. ಫೈಲ್ ಹೆಸರಿನ ಕೊನೆಗೆ ಒಂದು ಚುಕ್ಕಿ, ಆಮೇಲೆ ಸಾಮಾನ್ಯವಾಗಿ ಮೂರ್ನಾಲ್ಕು ಅಕ್ಷರ ಇರುತ್ತವೆ, ಅದೇ ಎಕ್ಸ್‌ಟೆನ್ಶನ್. ವಿಂಡೋಸ್ ಈ ಬಾಲವನ್ನು ಸುಮ್ನೆ ಮುಚ್ಚಿಟ್ಟಿರುತ್ತದೆ, ಯಾಕೋ ನನಗಂತೂ ಅರ್ಥವಾಗಿಲ್ಲ. ಬಿಚ್ಚಿಡಿ. ವಿಂಡೋಸ್ 11 ಆದರೆ ಫೋಲ್ಡರಿನ ಮೇಲ್ಗಡೆ ವ್ಯೂ, ಅದರೊಳಗೆ ಶೋ, ಅದರೊಳಗೆ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್. ವಿಂಡೋಸ್ 10ರಲ್ಲಿ ವ್ಯೂ ಒತ್ತಿದರೆ ಅದೇ ಹೆಸರಿನ ಚೌಕ ಸಿಗುತ್ತದೆ, ಟಿಕ್ ಹಾಕಿ.

ಈ ಬಾಲ ಅಂದರೆ ಅಡಿಕೆ ಚೀಲಕ್ಕೆ ಕಟ್ಟಿದ ಚೀಟಿ ಇದ್ದ ಹಾಗೆ. ಚಾಲಿ, ರಾಶಿ, ಕೋಕ ಅಂತ ಬರೆದಿದ್ದರೆ ಚೀಲ ಬಿಚ್ಚದೆಯೇ ಒಳಗೇನಿದೆ ಗೊತ್ತಾಗುತ್ತದೆ. ಹಾಗಂತ ಕೋಕದ ಚೀಲಕ್ಕೆ ಚಾಲಿ ಅಂತ ಚೀಟಿ ಕಟ್ಟಿದರೆ ಒಳಗಿನ ಅಡಿಕೆ ಚಾಲಿ ಆಗುತ್ತದಾ? ಆನ್‌ಲೈನ್ ಅರ್ಜಿಯಲ್ಲಿ ಪಿಡಿಎಫ್ ಕೇಳಿದರು ಅಂತ ಫೋಟೊದ ಜೆಪಿಜಿ ಅಳಿಸಿ ಪಿಡಿಎಫ್ ಎಂದು ಬರೆಯುವವರನ್ನು ನಾನೇ ನೋಡಿದ್ದೇನೆ, ನಾನೂ ಒಮ್ಮೆ ಮಾಡಿದ್ದೇನೆ, ಅಪ್‌ಲೋಡ್ ಆಯಿತು, ಆಚೆ ಕಡೆಯವರಿಗೆ ತೆರೆಯಲೇ ಇಲ್ಲ. ಸರಿಯಾದ ದಾರಿ ಸುಲಭ. ಫೋಟೊ ತೆರೆದು ಕಂಟ್ರೋಲ್ ಪಿ ಒತ್ತಿ, ಪ್ರಿಂಟರ್ ಹೆಸರಿದ್ದಲ್ಲಿ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಆರಿಸಿ, ಪ್ರಿಂಟ್ ಕೊಡಿ. ಕಾಗದ ಬೇಡ, ಪಿಡಿಎಫ್ ತಯಾರು.

ಜಿಪ್ ಎಂದಿದ್ದರೆ ಅದೊಂದು ಗಂಟು. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ಎಕ್ಸ್‌ಟ್ರಾಕ್ಟ್ ಆಲ್ ಕೊಟ್ಟು ಬಿಚ್ಚಿಕೊಂಡೇ ಒಳಗಿನ ಫೈಲ್ ಬಳಸಿ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು, ಅದರ ಜೊತೆ ನೆಟ್ಟೂ ಹೋಗುವುದು ನಮ್ಮ ಕಡೆ ಹೊಸದೇನಲ್ಲ. ಅರ್ಧ ಇಳಿದ ಫೈಲಿಗೆ ಕ್ರೋಮ್ ಸಿಆರ್‌ಡೌನ್‌ಲೋಡ್ ಎಂಬ ಬಾಲ ಹಚ್ಚುತ್ತದೆ. ಅದನ್ನು ಪಿಡಿಎಫ್ ಅಂತ ತಿದ್ದಿ ಪ್ರಯೋಜನ ಇಲ್ಲ. ಕಂಟ್ರೋಲ್ ಜೆ ಪಟ್ಟಿಗೆ ಹೋಗಿ ರೆಸ್ಯೂಮ್ ಒತ್ತಿ, ಆಗದಿದ್ದರೆ ಅಳಿಸಿ ಮತ್ತೆ ಇಳಿಸಿ.

ಬಾಲ ಕಾಣುವಂತೆ ಇಟ್ಟುಕೊಳ್ಳಿ ಅಂತ ನಾನು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣ ಇದೆ. 2000ದ ಮೇ ತಿಂಗಳಲ್ಲಿ ಐ ಲವ್ ಯೂ ಎಂಬ ವೈರಸ್ ಮೇಲ್‌ನಲ್ಲಿ ಜಗತ್ತಿಡೀ ಹರಡಿತು. ಆ ಫೈಲಿಗೆ ಎರಡು ಬಾಲ ಇತ್ತು, ಮೊದಲು ಟಿಎಕ್ಸ್‌ಟಿ, ಅಂದರೆ ಬರೀ ಬರಹ, ಕೊನೆಗೆ ವಿಬಿಎಸ್, ಅಂದರೆ ಒತ್ತಿದರೆ ಓಡುವ ಪ್ರೋಗ್ರಾಮ್. ವಿಂಡೋಸ್ ಕೊನೆಯದನ್ನು ಮುಚ್ಚಿಟ್ಟಿದ್ದರಿಂದ ಜನ ಅದನ್ನು ಪ್ರೇಮಪತ್ರ ಎಂದುಕೊಂಡು ಒತ್ತಿದರು. ವಿಂಡೋಸ್ ಯಾವಾಗಲೂ ಲೆಕ್ಕಕ್ಕೆ ಹಿಡಿಯುವುದು ಕಟ್ಟಕಡೆಯ ಬಾಲವನ್ನೇ. ಫೋಟೊ ಅಂತ ಬಂದದ್ದರ ಕೊನೆಯಲ್ಲಿ ಇಎಕ್ಸ್‌ಇ ಕಂಡರೆ ಅದೂ ಪ್ರೋಗ್ರಾಮೇ, ಮುಟ್ಟಬೇಡಿ. ಮೊಬೈಲ್‌ನಲ್ಲೂ ಅಷ್ಟೇ, ವಾಟ್ಸಾಪ್‌ಗೆ ಮದುವೆ ಕರೆಯೋಲೆ ಅಂತ ಎಪಿಕೆ ಫೈಲ್ ಬಂದರೆ ಅದು ಕರೆಯೋಲೆ ಅಲ್ಲ, ಆ್ಯಪ್. ಕರೆಯುವವರು ಫೋಟೊನೋ ಪಿಡಿಎಫ್ಫೋ ಕಳಿಸುತ್ತಾರೆ.

ಕೊನೆಗೆ ಹೆಸರು. ಇಳಿದ ಫೈಲಿಗೆ ಅರ್ಥವಿಲ್ಲದ ಉದ್ದ ನಂಬರ್ ಇರುತ್ತದೆ, ಅದರ ಮೇಲೆ ಒಮ್ಮೆ ಒತ್ತಿ ಎಫ್2 ಒತ್ತಿದರೆ ಚುಕ್ಕಿಗಿಂತ ಮೊದಲಿನ ಹೆಸರಷ್ಟೇ ಆಯ್ಕೆಯಾಗುತ್ತದೆ, ಅದನ್ನಷ್ಟೇ ಬದಲಿಸಿ, ಬಾಲ ಮುಟ್ಟಬೇಡಿ. ಮಾವ ಪಹಣಿ 45/2 ಅಂತ ಸರ್ವೆ ನಂಬರ್ ಹಾಕಲು ಹೊರಟರು, ವಿಂಡೋಸ್ ಒಪ್ಪಲೇ ಇಲ್ಲ. ಹೆಸರಿನಲ್ಲಿ ಓರೆಗೆರೆ, ಪ್ರಶ್ನೆ ಚಿಹ್ನೆ, ನಕ್ಷತ್ರ ಇವೆಲ್ಲ ನಡೆಯುವುದಿಲ್ಲ. 45-2 ಅಂತ ಅಡ್ಡಗೆರೆ ಹಾಕಿದ ಮೇಲೆ ಸರಿಹೋಯಿತು.

ಉಳಿದ ಆರು ಪ್ರತಿ ಅಳಿಸೋಣ ಅಂದರೆ ಮಾವ ಬಿಡಲಿಲ್ಲ. "ಇರ್ಲಿ ಬಿಡೋ ತಮಾ, ಮುಂದೆ ಬೇಕಾಗ್ತು."