ಮೊದಲು ಶಾಲೆ, ಆಮೇಲೆ ಮನೆ: ದಾವಣಗೆರೆಯಲ್ಲಿ ಬಡಾವಣೆ ಆರಿಸುವುದು ಹೇಗೆ?

ಮಕ್ಕಳಿರುವ ಸಂಸಾರಗಳು ಸಾಮಾನ್ಯವಾಗಿ ಮನೆಗೆ ಅಡ್ವಾನ್ಸ್ ಕೊಟ್ಟ ಮೇಲೆ ಶಾಲೆ ಹುಡುಕುತ್ತವೆ. ಈ ಕ್ರಮವನ್ನು ತಿರುಗಿಸಿ. ಜನವರಿಯೊಳಗೆ ಶಾಲೆ ಗೊತ್ತುಮಾಡಿಕೊಂಡು ಅದರ ಆಸುಪಾಸಿನಲ್ಲೇ ಮನೆ ನೋಡಿ. ಏಪ್ರಿಲ್‌–ಮೇ ಬಂತೆಂದರೆ ಎಲ್ಲರೂ ಒಟ್ಟಿಗೆ ಮನೆ ಬದಲಿಸಲು ಹೊರಡುತ್ತಾರೆ, ಆಯ್ಕೆ ಕಡಿಮೆಯಾಗುತ್ತದೆ.

ಶಾಲೆಯಲ್ಲಿ ಕೇಳಬೇಕಾದ್ದು

ಮೂರು ಶಾಲೆಗಳನ್ನು ಗುರುತು ಹಾಕಿಕೊಳ್ಳಿ, ಒಂದಾದರೂ ಸರ್ಕಾರಿ ಅಥವಾ ಅನುದಾನಿತ ಶಾಲೆಯಾಗಿರಲಿ. ಫೀಸಿನ ಮಾತಿಗೆ ಮೊದಲು ಒಂದು ಸೆಕ್ಷನ್‌ನಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಕೇಳಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿವರೆಗೆ 30 ಮಕ್ಕಳಿಗೆ, 6ರಿಂದ 8ರವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಕಳೆದ ವರ್ಷ ಎಷ್ಟು ಶಿಕ್ಷಕರು ಬಿಟ್ಟುಹೋದರು ಎಂಬುದು ಫಲಿತಾಂಶದ ಫ್ಲೆಕ್ಸ್‌ಗಿಂತ ಹೆಚ್ಚು ಹೇಳುತ್ತದೆ. ಹತ್ತನೇ ತರಗತಿವರೆಗೆ ಇದೆಯೇ, ಏಳಕ್ಕೇ ಮುಗಿಯುತ್ತದೆಯೇ? ಏಳಕ್ಕೆ ಮುಗಿದರೆ ಮತ್ತೊಮ್ಮೆ ಮನೆ ಬದಲಿಸುವ ಪ್ರಸಂಗ ಬಂದೀತು. ಶೌಚಾಲಯದ ನಲ್ಲಿ ತಿರುಗಿಸಿ ನೋಡಲು ಸಂಕೋಚ ಬೇಡ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರನ್ನು ಮಾತಾಡಿಸಿ, ಅವರಲ್ಲಿ ಹೆಚ್ಚಿನವರು ಅಲ್ಲಿ ಓದುವ ಮಕ್ಕಳ ತಂದೆ ತಾಯಿಯರೇ.

ಆರ್‌ಟಿಇ ಸೀಟು, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಸಿಗುವ ಉಚಿತ ಸೀಟು, ನಂಬಿ ಖಾಸಗಿ ಶಾಲೆಯ ಹತ್ತಿರ ಮನೆ ಮಾಡುವವರಿದ್ದಾರೆ. 2019ರಿಂದ ರಾಜ್ಯದಲ್ಲಿ ನಿಯಮ ಬದಲಾಗಿದೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ದಾರಿಯನ್ನು ನಡೆದು ನೋಡಿ

ಬಡಾವಣೆಯ ಹೆಸರಿಗಿಂತ ಮನೆಯಿಂದ ಶಾಲೆಗಿರುವ ದಾರಿಯೇ ಮುಖ್ಯ. ಚಿಕ್ಕ ಮಕ್ಕಳಿಗೆ ಒಂದು ಕಿಲೋಮೀಟರ್ ಸಾಕು. ಶಾಲೆಯ ದಿನ ಬೆಳಿಗ್ಗೆ ಎಂಟೂವರೆಗೆ ಮಗುವಿನ ಕೈ ಹಿಡಿದು ಆ ದಾರಿ ನಡೆಯಿರಿ. ನಕ್ಷೆಯಲ್ಲಿ ಹತ್ತಿರ ಕಂಡದ್ದು ಇಲ್ಲಿ ಮೋಸ ಮಾಡುತ್ತದೆ: ಹಳೇ ಊರಿಗೂ ಪಿ.ಜೆ. ಬಡಾವಣೆ, ವಿದ್ಯಾನಗರದ ಕಡೆಗೂ ನಡುವೆ ರೈಲು ಹಳಿಯಿದೆ. ಹಳಿ ದಾಟಬೇಕಿದ್ದರೆ ಗೇಟ್ ಎಷ್ಟು ಹೊತ್ತು ಹಾಕಿರುತ್ತದೆ, ಕೆಳಸೇತುವೆಯಲ್ಲಿ ಮಳೆ ನೀರು ನಿಲ್ಲುತ್ತದೆಯೇ ಎಂದು ಅಲ್ಲಿನ ಅಂಗಡಿಯವರನ್ನು ಕೇಳಿ. ಪಿ.ಬಿ. ರಸ್ತೆ ಅಥವಾ ಹೆದ್ದಾರಿ ದಾಟಿಯೇ ಹೋಗಬೇಕಾದ ಮನೆ, ಬಾಡಿಗೆ ಎಷ್ಟೇ ಕಡಿಮೆಯಿರಲಿ, ಬೇಡ. ಆಟೋ ಗೊತ್ತುಮಾಡುವುದಾದರೆ ಚಾಲಕನ ಪಕ್ಕದಲ್ಲಿ ಮಕ್ಕಳನ್ನು ಕೂರಿಸುವವರನ್ನು ಬಿಟ್ಟುಬಿಡಿ.

ಬೀದಿ ಎಂಥದ್ದು?

ಅದೇ ಬೀದಿಗೆ ಸಂಜೆ ಐದೂವರೆಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಹೋಗಿ. ಸಂಜೆ ಮಕ್ಕಳು ಹೊರಗೆ ಆಡುತ್ತಿದ್ದಾರೆಯೇ, ಅಜ್ಜಿಯರು ಕಟ್ಟೆ ಮೇಲೆ ಕೂತಿದ್ದಾರೆಯೇ ನೋಡಿ. ಹಾಗಿದ್ದರೆ ಮಗು ಶಾಲೆಯಿಂದ ತಡವಾಗಿ ಬಂದ ದಿನ ಅದನ್ನು ಗಮನಿಸುವ ಕಣ್ಣುಗಳು ಅಲ್ಲಿವೆ. ರಾತ್ರಿ ಬೀದಿದೀಪ, ನಾಯಿಗಳ ಹಿಂಡು, ಬಾರಿನ ಮುಂದಿನ ಗದ್ದಲ ತಿಳಿಯುತ್ತದೆ. ಕಾಲೇಜುಗಳು ಹತ್ತಿರವಿರುವ ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕ್ ಕಡೆ ಒಂದೊಂದು ಬೀದಿಯೂ ಬೇರೆ. ಪಿಜಿಗಳಿರುವ ಅಡ್ಡರಸ್ತೆಗೂ ಸಂಸಾರಗಳಿರುವ ಅಡ್ಡರಸ್ತೆಗೂ ಬಹಳ ವ್ಯತ್ಯಾಸ. ಹಳೇ ಊರಿನಲ್ಲಿ ಜಾಗ ಇಕ್ಕಟ್ಟು, ಆದರೆ ನೆರೆಹೊರೆಯವರ ಬಳಕೆ ಗಟ್ಟಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಅಲ್ಲಿನ ಮನೆಮನೆಯೂ ನೆಂಟರಿಂದ ತುಂಬುತ್ತದೆ. ಮಂಡಕ್ಕಿ ಭಟ್ಟಿ ಹತ್ತಿರವಿದ್ದರೆ ಹೊಗೆ ಯಾವ ಕಡೆ ಬೀಸುತ್ತದೆ ನೋಡಿ, ಉಬ್ಬಸವಿರುವ ಮಗುವಿಗೆ ಅದು ಆಗದು.

ನೀರು, ಕರಾರು

ನೀರಿನ ವಿಷಯವನ್ನು ಮಾಲೀಕರಿಗಿಂತ ಪಕ್ಕದ ಮನೆಯವರಲ್ಲಿ ಕೇಳಿ. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕದಲ್ಲಿ ನಾಲ್ವರಿಗೆ 540 ಲೀಟರ್ ಬೇಕು. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬಂದರೆ 2,160 ಲೀಟರ್ ಹಿಡಿಯುವ ಸಂಪು ನಿಮ್ಮ ಪಾಲಿಗೇ ಇರಬೇಕು. ಎರಡು ಮನೆಗೆ ಒಂದೇ ಸಂಪಾದರೆ ಅದರ ಎರಡು ಪಟ್ಟು.

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಜೂನ್‌ನಲ್ಲಿ ಬರೆಸಿದರೆ ಏಪ್ರಿಲ್ ಕೊನೆಗೆ, ಬೇಸಿಗೆ ರಜೆಯಲ್ಲಿ ಮುಗಿಯುತ್ತದೆ. ಡಿಸೆಂಬರ್‌ನಲ್ಲಿ ಬರೆಸಿದರೆ ಅಕ್ಟೋಬರ್ ಕೊನೆಗೆ, ಶಾಲೆಯ ನಡುವರ್ಷದಲ್ಲಿ ಮನೆ ಬಿಡಬೇಕಾಗಬಹುದು. ಶಾಲೆ ಮುಗಿಯುವ ತನಕ ಖಾಲಿ ಮಾಡಿಸುವಂತಿಲ್ಲ, ವರ್ಷಕ್ಕೆ ಬಾಡಿಗೆ ಇಷ್ಟೇ ಏರಿಸುವುದು ಎಂಬ ಎರಡು ಮಾತುಗಳನ್ನು ಕರಾರಿನಲ್ಲೇ ಬರೆಸಿಕೊಳ್ಳಿ.